ಒಲೆಯ ಮುಂದಿನ ಉತ್ತರ

ಬೆಂಗಳೂರಿನಲ್ಲಿ ದಾರಿ ಹೇಳುವವರು ದಿಕ್ಕು ಹೇಳುವುದಿಲ್ಲ. ನವರಂಗ್‌ಗೆ ಹೇಗೆ ಹೋಗಬೇಕೆಂದು ಕೇಳಿ ನೋಡಿ. ‘ಸೀದಾ ಹೋಗಿ, ಸಿಗ್ನಲ್ ಸಿಗುತ್ತೆ, ಲೆಫ್ಟ್ ತಗೊಂಡು ಅಲ್ಲಿ ಯಾರನ್ನಾದ್ರೂ ಕೇಳಿ’ ಎನ್ನುತ್ತಾರೆ. ‘ಈಶಾನ್ಯಕ್ಕೆ ನಾಲ್ಕು ಫರ್ಲಾಂಗು’ ಎಂದವರನ್ನು ನಾನಂತೂ ಕಂಡಿಲ್ಲ. ನಮ್ಮ ಕಡೆ ಹೆಸರಿನಲ್ಲೇ ದಿಕ್ಕು ಕಟ್ಟಿಕೊಂಡು ಕೂತಿರುವುದು ‘ವೆಸ್ಟ್ ಆಫ್ ಕಾರ್ಡ್ ರೋಡ್’. ಈಗ ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ನಾಗರಬಾವಿ, ಕೆಂಗೇರಿ ಎಲ್ಲವೂ ಕಾರ್ಡ್ ರೋಡಿನ ಪಶ್ಚಿಮಕ್ಕೇ ಇವೆ. ಆದರೂ ಆ ಹೆಸರಿನ ಹಕ್ಕು ಮಾತ್ರ ರಾಜಾಜಿನಗರದ ಮಗ್ಗುಲಿನ ಕೆಲವು ಬೀದಿಗಳದ್ದು. ಮಿಕ್ಕವರೆಲ್ಲ ಪಶ್ಚಿಮದಲ್ಲಿದ್ದೂ ಪಶ್ಚಿಮದವರಲ್ಲ.

ಇಂಥ ಜನ ಸೈಟು ಕೊಳ್ಳುವ ದಿನ ಮಾತ್ರ ಏಕಾಏಕಿ ಭೂಗೋಳಶಾಸ್ತ್ರಜ್ಞರಾಗುತ್ತಾರೆ. ಥರ್ಟಿ ಫಾರ್ಟಿ ಸೈಟು, ಈಸ್ಟ್ ಫೇಸಿಂಗ್ ಆದರೆ ಒಂದು ರೇಟು, ನಾರ್ತ್ ಫೇಸಿಂಗ್ ಆದರೂ ಪರವಾಗಿಲ್ಲ. ಸೌತ್ ಅಂದಕೂಡಲೇ ಬ್ರೋಕರ್ ದನಿ ತಗ್ಗಿಸುತ್ತಾನೆ: ‘ಬಿಸಿನೆಸ್‌ನವ್ರಿಗೆ ತುಂಬಾ ಆಗಿಬರುತ್ತೆ ಸಾರ್.’ ನಮ್ಮ ಭಾವ ಬಿಸಿನೆಸ್‌ನವರಲ್ಲ, ಬ್ಯಾಂಕಿನಿಂದ ನಿವೃತ್ತರಾದವರು. ಹಾಗಾಗಿ ಕೆಂಗೇರಿ ಉಪನಗರದ ಆಚೆ ಸಾಕಷ್ಟು ತಡಕಾಡಿ ಪೂರ್ವದ ಸೈಟನ್ನೇ ಹಿಡಿದರು. ಅದು ನಿಜವಾಗಿ ಪೂರ್ವವೋ, ಲೇಔಟ್ ಮಾಡಿದವನ ಪೂರ್ವವೋ ಎಂಬ ಅನುಮಾನ ಅವರಿಗೆ ಬಂದದ್ದು ಪಾಯ ತೆಗೆಸಿದ ಮೇಲೆ. ಅನುಮಾನ ಬಂದ ಮೇಲೆ ವಾಸ್ತುವಿನವರು ಬಂದರು.

ವಾಸ್ತುವಿನವರು ಬರಿಗೈಲಿ ಬಂದು, ಜೇಬಿನಿಂದ ಫೋನು ತೆಗೆದು, ಅಂಗೈ ಮೇಲೆ ಮಲಗಿಸಿಕೊಂಡು ನಿಂತರು. ನಿಂತದ್ದು ಸರಿಯಾಗಿ ಕಂಬಿ ರಾಶಿಯ ಪಕ್ಕ. ಆಗ ತಾನೇ ಲಾರಿಯಿಂದ ಇಳಿಸಿದ್ದ ಟಿಎಂಟಿ ಸರಳು, ಮೂರು ಟನ್. ಫೋನಿನ ಉತ್ತರ ಪಕ್ಕದ ಸೈಟಿನ ಸಂಪಿನ ಕಡೆಗೆ ಹೋಯಿತು. ಅವರು ನಾಲ್ಕು ಹೆಜ್ಜೆ ಈಚೆ ಬಂದರು. ಉತ್ತರವೂ ಈಚೆ ಬಂದು ಎದುರಿನ ಹುಣಸೆ ಮರದ ಮೇಲೆ ಕೂತಿತು. ಭಾವನ ಮುಖ ಸಣ್ಣದಾಯಿತು. ಆಮೇಲೆ ಫೋನೇ ಒಂದು ಸೂಚನೆ ಕೊಟ್ಟಿತು: ನನ್ನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ. ಅವರು ಆಡಿಸಿದರು. ಅನುಮಾನ ನಿವಾರಣೆಗೆಂದು ಭಾವ ತಮ್ಮ ಫೋನು ತೆಗೆದು ಆಡಿಸಿದರು, ಅಕ್ಕ ಆಡಿಸಿದಳು, ಒಂಬತ್ತನೇ ಕ್ಲಾಸಿನ ಅವರ ಮಗಳು ‘ಮಾಮಾ, ನೀವೂ ಟ್ರೈ ಮಾಡಿ’ ಎಂದಳು. ಖಾಲಿ ಸೈಟಿನಲ್ಲಿ ನಿಂತು ಎಲ್ಲರೂ ದೇವರಿಲ್ಲದ ಜಾಗಕ್ಕೆ ಮಂಗಳಾರತಿ ಎತ್ತುತ್ತಿರುವ ಹಾಗಿತ್ತು.

ಎಂಟು ಬರೆಯುವುದು ಮೂಢನಂಬಿಕೆಯಲ್ಲ, ಅಪ್ಪಟ ವಿಜ್ಞಾನ. ಫೋನಿನೊಳಗೆ ಭೂಮಿಯ ಕಾಂತಕ್ಷೇತ್ರ ಅಳೆಯುವ ಒಂದು ಚೂರು ಚಿಪ್ಪು ಇರುತ್ತದೆ. ಅದರ ಕಷ್ಟವೇನೆಂದರೆ, ಫೋನಿನ ಸ್ಪೀಕರಿನೊಳಗೂ ಅಯಸ್ಕಾಂತವೇ ಇದೆ. ಎಲ್ಲ ಕಡೆಗೂ ತಿರುಗಿಸಿದಾಗ ಯಾವುದು ತನ್ನ ಜೊತೆಗೇ ತಿರುಗುತ್ತದೋ ಅದು ಮನೆಯದು, ಯಾವುದು ನಿಂತಲ್ಲೇ ನಿಲ್ಲುತ್ತದೋ ಅದು ಭೂಮಿಯದು ಎಂದು ಚಿಪ್ಪು ಲೆಕ್ಕ ಹಾಕಿ ಮನೆಯದನ್ನು ಕಳೆಯುತ್ತದೆ. ಇದೇ ತಾಪತ್ರಯ ದೊಡ್ಡವರಿಗೂ ತಪ್ಪಿದ್ದಲ್ಲ. ಸೂರ್ಯನನ್ನು ನೋಡಲೆಂದು 2023ರ ಸೆಪ್ಟೆಂಬರಿನಲ್ಲಿ ಹೊರಟು 15 ಲಕ್ಷ ಕಿಲೋಮೀಟರ್ ದೂರ ಹೋಗಿ ನಿಂತಿರುವ ಆದಿತ್ಯ-ಎಲ್1 ನೌಕೆಯಲ್ಲಿ ಕಾಂತಕ್ಷೇತ್ರ ಅಳೆಯುವ ಉಪಕರಣವೊಂದಿದೆ. ಅದನ್ನು ಮಾಡಿದ್ದು ನಮ್ಮ ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಮೊದಲ ಉಪಗ್ರಹ ಆರ್ಯಭಟ 1975ರಲ್ಲಿ ಸಿದ್ಧವಾದದ್ದೂ ಅದೇ ಪೀಣ್ಯದ ಶೆಡ್ಡುಗಳಲ್ಲಿ. ನೌಕೆಯ ಸ್ವಂತ ಕಾಂತತ್ವ ಅಳತೆಯನ್ನು ಕೆಡಿಸಬಾರದೆಂದು ಆ ಉಪಕರಣದ ಸಂವೇದಕಗಳನ್ನು 6 ಮೀಟರ್ ಉದ್ದದ ಮಡಚುಗೋಲಿನ ಮೇಲೆ ಕೂರಿಸಿ, 2024ರ ಜನವರಿಯಲ್ಲಿ ಅಂತರಿಕ್ಷದಲ್ಲೇ ಆ ಗೋಲನ್ನು ಬಿಚ್ಚಿದರು. ವಾಸ್ತುವಿನವರು ಕಂಬಿ ರಾಶಿಯಿಂದ ಆರು ಮೀಟರ್ ದೂರ ನಿಂತಿದ್ದರೆ ಅವರದೂ ಅರ್ಧ ಸಮಸ್ಯೆ ತೀರುತ್ತಿತ್ತು.

ಮುಂಬಯಿಯವರಂತೂ ಇಡೀ ವೀಕ್ಷಣಾಲಯವನ್ನೇ ಎತ್ತಿಕೊಂಡು ಹೋದವರು. ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತತ್ವವನ್ನು ದಿನದಿನವೂ ಬರೆದಿಡುತ್ತಿದ್ದರು. ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಊರಿಗೆ ಎಲೆಕ್ಟ್ರಿಕ್ ಟ್ರಾಮು ಬರುತ್ತದೆ ಎಂದಾಯಿತು. ಕಂಬಿಯಲ್ಲಿ ಹರಿಯುವ ಕರೆಂಟು ಮುಳ್ಳನ್ನು ಕುಣಿಸಿಬಿಡುತ್ತದೆಂದು ನಿರ್ದೇಶಕ ನಾನಾಭಾಯಿ ಮೂಸ್ ಅವರು ಕೊಲ್ಲಿಯ ಆಚೆಯ ಅಲಿಬಾಗಿಗೆ ಅಳತೆಯನ್ನು ಸಾಗಿಸಿದರು. 1904ರಿಂದ ಅಲ್ಲೇ ನಡೆಯುತ್ತಿದೆ. ನಮ್ಮ ವಿಜಯನಗರದ ಮೇಲೆ ಹಾದುಹೋಗುವ ನೇರಳೆ ಮೆಟ್ರೋ 750 ವೋಲ್ಟಿನ ಡಿಸಿ ಕರೆಂಟಿನಲ್ಲಿ ಓಡುತ್ತದೆ. ಹೊಸಹಳ್ಳಿ ಸ್ಟೇಷನ್ ಕೆಳಗಿನ ಫ್ಲಾಟಿನಲ್ಲಿ ನಿಂತು ಕುಬೇರಮೂಲೆ ಹುಡುಕುವವರಿಗೆ ಮೂಸ್ ಅವರ ಕಥೆ ಯಾರಾದರೂ ಹೇಳಬೇಕು. ನಾನು ಹೇಳಿದರೆ ಕೇಳುವುದಿಲ್ಲ.

ಮುಳ್ಳು ಅಷ್ಟು ಸಂಕೋಚದಿಂದ ತೋರಿಸುವುದಾದರೂ ಏನನ್ನು? ಅದರ ಯಜಮಾನ ಇರುವುದು ಉತ್ತರದಲ್ಲಿ ಅಲ್ಲ, ಕಾಲ ಕೆಳಗೆ. ಕನ್ನಡ ನಾಡಿನ ಬೋರ್‌ವೆಲ್ ಸಾವಿರ, ಸಾವಿರದೈನೂರು ಅಡಿ ಹೋಗಿ ಧೂಳು ಉಗುಳಿ ನಿಲ್ಲುತ್ತದೆ. ಇದು ಅದಕ್ಕೂ ಕೆಳಗೆ, ಸುಮಾರು 2,900 ಕಿಲೋಮೀಟರ್. ನಮ್ಮ ದೇಶದ ದಕ್ಷಿಣೋತ್ತರ ಉದ್ದವೇ 3,214 ಕಿಲೋಮೀಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಹತ್ತಿರಹತ್ತಿರ ಅಷ್ಟನ್ನು ನೆಟ್ಟಗೆ ಕೆಳಕ್ಕೆ ಇಳಿಯಬೇಕು. ಅಲ್ಲಿ ಕರಗಿದ ಕಬ್ಬಿಣ, ಜೊತೆಗೊಂದಿಷ್ಟು ನಿಕ್ಕಲ್ಲು. ಒಳಗಿನ ಬಿಸಿಗೆ ಅದು ಮೇಲೇಳುತ್ತದೆ, ತಣಿದು ಇಳಿಯುತ್ತದೆ, ಭೂಮಿ ತಿರುಗುವುದರಿಂದ ಸುರುಳಿ ಸುತ್ತುತ್ತದೆ. ಹರಿಯುವ ಲೋಹದಲ್ಲಿ ವಿದ್ಯುತ್ತು, ವಿದ್ಯುತ್ತಿನಿಂದ ಕಾಂತಕ್ಷೇತ್ರ, ಆ ಕ್ಷೇತ್ರದೊಳಗೆ ಮತ್ತೆ ಲೋಹ ಹರಿದು ಮತ್ತೆ ವಿದ್ಯುತ್ತು. ಬೆಸ್ಕಾಂ ಇಲ್ಲ, ಬಿಲ್ಲಿಲ್ಲ, ಸರ್ವೀಸೂ ಇಲ್ಲದೆ ನಡೆಯುತ್ತಿರುವ ಡೈನಮೋ. ಅಷ್ಟು ದೂರದಿಂದ ಹಾದು ಬೆಂಗಳೂರಿನ ನೆಲ ಮುಟ್ಟುವ ಹೊತ್ತಿಗೆ ಅದರ ಬಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ತಿರುಪತಿ ತಿಮ್ಮಪ್ಪನ ಅಯಸ್ಕಾಂತದ ನೂರನೇ ಒಂದು ಪಾಲು ಇದ್ದರೆ ಹೆಚ್ಚು.

ಹರಿಯುವುದು ಎಂದ ಮೇಲೆ ಒಂದೇ ಕಡೆ ನಿಲ್ಲುವುದು ಹೇಗೆ? ಉತ್ತರದ ಕಾಂತಧ್ರುವ ಕೂಡ ನಿಲ್ಲುವುದಿಲ್ಲ. 1831ರ ಜೂನ್ 1ರಂದು ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಮೊದಲು ಹಿಡಿದಾಗ ಕೆನಡಾದ ಬೂಥಿಯಾ ಪರ್ಯಾಯದ್ವೀಪದಲ್ಲಿತ್ತು. ಅಲ್ಲಿಂದ ಕಾಲು ಕಿತ್ತು ಈಗ ಸೈಬೀರಿಯಾದ ಕಡೆ ಮುಖ ಮಾಡಿದೆ. ಈ ಶತಮಾನದ ಆರಂಭದಲ್ಲಂತೂ ವರ್ಷಕ್ಕೆ 50 ಕಿಲೋಮೀಟರಿಗೂ ಮೀರಿ ಓಡಿತು. ಕೆಂಗೇರಿಯಲ್ಲಿ ಯುಗಾದಿ ಮಾಡಿ ಹೊರಟರೆ ಮುಂದಿನ ಯುಗಾದಿಗೆ ಚನ್ನಪಟ್ಟಣ ದಾಟಿರುತ್ತದೆ. ಈಚೆಗೆ ಸ್ವಲ್ಪ ನಿಧಾನಿಸಿದೆ. ವಿಮಾನ, ಹಡಗು, ಫೋನುಗಳು ಬಳಸುವ ಭೂಕಾಂತ ನಕ್ಷೆಯನ್ನು ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವುದು ರೂಢಿ. ಧ್ರುವದ ಅವಸರಕ್ಕೆ 2019ರಲ್ಲಿ ವಾಯಿದೆಗೆ ಮುಂಚೆಯೇ ಒಮ್ಮೆ ಪರಿಷ್ಕರಿಸಬೇಕಾಯಿತು. ಬೆಂಗಳೂರಿನಲ್ಲಿ ಇದರ ಬಿಸಿ ತಟ್ಟುವುದಿಲ್ಲ. ಮುಳ್ಳಿನ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ನಮ್ಮಲ್ಲಿರುವ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೆ. ಭಾವನ ಮನೆಯ ಗೋಡೆಗಳು ಅದಕ್ಕಿಂತ ಹೆಚ್ಚು ಓರೆಯಾಗಿವೆ.

ನಮ್ಮ ಮೇಲ್ಮನೆಯಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಭೌತಶಾಸ್ತ್ರದ ಮೇಷ್ಟ್ರು ಇದ್ದಾರೆ. ಮುಳ್ಳಿನ ಉತ್ತರ ತುದಿಯನ್ನು ಎಳೆಯಬೇಕಾದರೆ ಎದುರಿಗೆ ದಕ್ಷಿಣ ಧ್ರುವ ಇರಬೇಕಲ್ಲವೇ, ಆದ್ದರಿಂದ ಕೆನಡಾದ ತಲೆ ಮೇಲೆ ಕೂತಿರುವುದು ಅಯಸ್ಕಾಂತದ ಲೆಕ್ಕದಲ್ಲಿ ದಕ್ಷಿಣ ಎಂದು ಅವರು ತಲೆಮಾರುಗಟ್ಟಲೆ ಹುಡುಗರನ್ನು ಗಲಿಬಿಲಿ ಮಾಡಿ, ಮಾರ್ಕು ಕಳೆದು, ಈಗ ಆರಾಮವಾಗಿ ಟೆರೇಸಿನಲ್ಲಿ ಶರಪಂಜರ ಚಿತ್ರದ ಬೇಂದ್ರೆಯವರ ಧ್ರುವಗಳ ಹಾಡನ್ನು ಗುನುಗುತ್ತಾ ಗಿಡಗಳಿಗೆ ನೀರು ಹಾಕುತ್ತಾರೆ. ಧ್ರುವಗಳು ತಲೆಕೆಳಗಾಗುವ ವಿಷಯ ತೆಗೆದರೆ ಪೈಪು ಕೆಳಗಿಟ್ಟು ಬರುತ್ತಾರೆ. ನೀರು ನಮ್ಮ ಮನೆಗೆ ಇಳಿಯುತ್ತದೆ.

ತಲೆಕೆಳಗಾಗುವುದು ನಿಜ, ಎಷ್ಟೋ ನೂರು ಸಲ ಆಗಿದೆ. ಫ್ರಾನ್ಸಿನ ಬರ್ನಾರ್ಡ್ ಬ್ರೂನ್ ಎಂಬುವರು 1906ರಲ್ಲಿ, ಹಳೇ ಲಾವಾರಸವೊಂದೂ ಅದರ ಬಿಸಿಗೆ ಬೆಂದ ಪಕ್ಕದ ಜೇಡಿಯೂ ಈಗಿನದಕ್ಕೆ ತದ್ವಿರುದ್ಧವಾದ ಉತ್ತರವನ್ನು ಹಿಡಿದಿಟ್ಟುಕೊಂಡಿರುವುದನ್ನು ಕಂಡರು. ಲಾವಾ ಸುಳ್ಳು ಹೇಳಿದ್ದರೂ ಜೇಡಿ ಯಾಕೆ ಅದೇ ಸುಳ್ಳು ಹೇಳಬೇಕು? 1929ರಲ್ಲಿ ಜಪಾನಿನ ಮೊಟೊನೊರಿ ಮತುಯಾಮಾ, ಇದು ಅಡ್ಡಾದಿಡ್ಡಿ ಅಲ್ಲ, ಒಂದು ಕಾಲಮಾನದ ಕಲ್ಲುಗಳೆಲ್ಲ ಹೀಗಿವೆ ಎಂದರು. ಕೊನೆಯ ಪಲ್ಲಟ ಆಗಿ ಸುಮಾರು 7.8 ಲಕ್ಷ ವರ್ಷವಾಯಿತು. ಅದಕ್ಕೆ ಮುಂಚಿನ ತಲೆಕೆಳಗು ಕಾಲಕ್ಕೆ ಮತುಯಾಮಾ ಅವರ ಹೆಸರು, ಈಗ ನಾವಿರುವ ಕಾಲಕ್ಕೆ ಬ್ರೂನ್ ಅವರ ಹೆಸರು. ಸರಾಸರಿ ತೆಗೆದರೆ ಹತ್ತು ಲಕ್ಷ ವರ್ಷಕ್ಕೆ ಹಲವು ಸಲ ಆಗಬೇಕಿತ್ತು, ಆದ್ದರಿಂದ ಮುಂದಿನದು ತಡವಾಗಿದೆ ಎಂದು ಟೀವಿಯವರು ಹೇಳುತ್ತಾರೆ. ಆದರೆ ಇದಕ್ಕೆ ವೇಳಾಪಟ್ಟಿಯೇ ಇಲ್ಲ. ಡೈನೋಸಾರುಗಳ ಕಾಲದಲ್ಲಿ ಮೂರೂವರೆ ಕೋಟಿ ವರ್ಷಕ್ಕೂ ಹೆಚ್ಚು ಒಮ್ಮೆಯೂ ಮಗ್ಗುಲು ಬದಲಾಯಿಸದೆ ಇದ್ದದ್ದುಂಟು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಹುಟ್ಟಿದ್ದು ಆ ನೆಮ್ಮದಿಯ ಕಾಲದಲ್ಲೇ.

ಕೆಂಪು ಅಕ್ಷರ, ಡೋಲಿನ ಸದ್ದು, ಉರಿಯುವ ಭೂಗೋಳದ ಚಿತ್ರ, ‘ಉಲ್ಟಾ ಆಗುತ್ತಾ ಭೂಮಿ?’ ಎಂಬ ಪ್ರಶ್ನೆ: ಟೀವಿಯ ಪ್ರಳಯಕ್ಕೆ ಇಷ್ಟು ಸಾಕು. ಅದನ್ನು ನೋಡಿದ ದಿನ ಅಕ್ಕ ಫೋನು ಮಾಡಿ ಗೃಹಪ್ರವೇಶ ಬೇಗ ಇಟ್ಟುಕೊಳ್ಳೋಣವೇ ಎಂದಳು. ಭೂಮಿ ಉಲ್ಟಾ ಆಗುವುದಿಲ್ಲ ಕಣೇ, ಅದರ ಕಾಂತತ್ವ ಮಾತ್ರ, ಅದೂ ಒಂದು ರಾತ್ರಿಯಲ್ಲಿ ಅಲ್ಲ, ಸಾವಿರಾರು ವರ್ಷ ಹಿಡಿಯುತ್ತದೆ ಎಂದೆ. ‘ಹಾಗಾದ್ರೆ ಮಾಘಕ್ಕೇ ಇಟ್ಕೊಳ್ಳೋಣ ಬಿಡು’ ಎಂದಳು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಈಚೆಗೆ ಕ್ಷೇತ್ರದ ಬಲ ನೂರಕ್ಕೆ ಒಂಬತ್ತರಷ್ಟು ಇಳಿದಿರುವುದು ಹೌದು. ಹಿಂದೆಯೂ ಹೀಗೆ ಇಳಿದು, ಮನಸ್ಸು ಬದಲಾಯಿಸಿ ಮತ್ತೆ ಏರಿದ್ದುಂಟು. ಪಲ್ಲಟದ ನಡುವೆ ಕ್ಷೇತ್ರ ಬಹಳ ಸೊರಗುತ್ತದೆ, ಆದರೆ ಪೂರ್ತಿ ಆರಿಹೋಗುವುದಿಲ್ಲ. ಸೂರ್ಯನಿಂದ ಬರುವ ಕಣಗಳ ಹಾವಳಿ ಹೆಚ್ಚಿ ಉಪಗ್ರಹಗಳಿಗೂ ಕರೆಂಟಿನ ಜಾಲಕ್ಕೂ ತೊಂದರೆಯಾದೀತು. ಧ್ರುವಪ್ರಭೆ ಕಂಡರಿಯದ ಊರುಗಳಲ್ಲಿ ಆಕಾಶ ಕೆಂಪಾದೀತು. 2024ರ ಮೇ ತಿಂಗಳ ಸೌರ ಚಂಡಮಾರುತದಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದನ್ನು ನಮ್ಮ ಕೋರಮಂಗಲದ ಖಭೌತ ಸಂಸ್ಥೆಯ ಕ್ಯಾಮರಾಗಳೇ ಹಿಡಿದವು. ರಾಜಾಜಿನಗರದ ಮೇಲೆ ಅದು ಕಂಡರೆ ಯಾವುದೋ ಮಾಲಿನ ಉದ್ಘಾಟನೆ ಎಂದುಕೊಂಡು ನಾವು ಒಳಗೆ ಹೋಗುತ್ತೇವೆ.

ಜೀವಸಂಕುಲ ನಾಶವಾಗುತ್ತದೆ ಎನ್ನುವವರಿಗೆ ಉತ್ತರ ಕರ್ನಾಟಕದಲ್ಲೇ ಎರಡು ಸಾಕ್ಷಿ ಇವೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರುಗಳ ಕಪ್ಪು ನೆಲದ ಕೆಳಗಿರುವ ಡೆಕ್ಕನ್ ಲಾವಾ ಸುಮಾರು 6.6 ಕೋಟಿ ವರ್ಷದ ಹಿಂದೆ ಸುರಿದದ್ದು. ದಖ್ಖನಿನ ಆ ಲಾವಾದ ಬಹುಪಾಲು ಹೊರಬಿದ್ದದ್ದು ಧ್ರುವಗಳು ತಲೆಕೆಳಗಾಗಿದ್ದ ಅವಧಿಯಲ್ಲಿ. ಡೈನೋಸಾರುಗಳು ಅಳಿದದ್ದೂ ಅದೇ ಅವಧಿಯ ನಡುವೆ, ಪಲ್ಲಟದ ಗಳಿಗೆಯಲ್ಲಿ ಅಲ್ಲ. ಆ ಅಪರಾಧಕ್ಕೆ ಮೆಕ್ಸಿಕೋದ ಹತ್ತಿರ ಬಿದ್ದ ಬಾನಗಲ್ಲು ಹೊಣೆ, ಕಾಂತಧ್ರುವದ ಮೇಲೆ ಕೇಸಿಲ್ಲ. ಎರಡನೆಯ ಸಾಕ್ಷಿ ನನಗೆ ಇನ್ನೂ ಇಷ್ಟ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದ ಆದಿಮಾನವರ ಕಲ್ಲುಗಣಿ ಇದೆ. ಸುಣ್ಣದಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಕೂತು ಕೈಗೊಡಲಿ ಕೆತ್ತಿದ್ದಾರೆ; ಚಕ್ಕೆಗಳು ಬಿದ್ದಲ್ಲೇ ಬಿದ್ದಿದ್ದವು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನಿಂದ ತಿಳಿದ ಕಾಲ ಸುಮಾರು 12 ಲಕ್ಷ ವರ್ಷ. ಎಂದರೆ ಮತುಯಾಮಾ ಕಾಲ. ಆಗ ಹುಣಸಗಿಯಲ್ಲಿ ಯಾರಾದರೂ ಕಂಪಾಸು ಇಟ್ಟಿದ್ದರೆ ಬಹುಮಟ್ಟಿಗೆ ಅದರ ಉತ್ತರದ ಮುಳ್ಳು ಬೆಂಗಳೂರಿನ ಕಡೆ ತೋರಿಸುತ್ತಿತ್ತು. ಕರ್ನಾಟಕದ ಅತಿ ಹಳೆಯ ಕಾರ್ಖಾನೆ ಉಲ್ಟಾ ಭೂಮಿಯ ಮೇಲೆ ನಡೆದು, ಉತ್ಪಾದನೆಗೇನೂ ಅಡ್ಡಿಯಾಗಲಿಲ್ಲ.

ಇನ್ನು ತಲೆದಿಂಬಿನ ವಿಷಯ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ನಮ್ಮಜ್ಜಿ ಗದರುತ್ತಿದ್ದಳು. ಕಾರಣ ಕೇಳಿದರೆ ಗಣಪತಿ. ಉತ್ತರಕ್ಕೆ ತಲೆ ಹಾಕಿ ಮಲಗಿದವನ ತಲೆ ತನ್ನಿ ಎಂದು ಶಿವ ಗಣಗಳನ್ನು ಕಳಿಸಿದ. ಪಾಪ, ಆನೆ ಮಲಗಿತ್ತು. ಗಣಗಳು ಮತ್ತೆ ಬಂದರೆ ಎಂಬುದು ಅಜ್ಜಿಯ ಭಯ. ಇದು ಪೂರ್ತಿ ಒಪ್ಪಬಹುದಾದ ಕಾರಣ, ಇದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಈಗ ವಾಟ್ಸಾಪಿನಲ್ಲಿ ಅಜ್ಜಿಯ ಜಾಗಕ್ಕೆ ವಿಜ್ಞಾನ ಬಂದು ಕೂತು ಕೆಟ್ಟಿದೆ. ರಕ್ತದಲ್ಲಿ ಕಬ್ಬಿಣ ಇದೆ, ಉತ್ತರ ಧ್ರುವ ಅದನ್ನು ತಲೆಗೆ ಸೆಳೆಯುತ್ತದೆ ಎನ್ನುತ್ತಾರೆ. ರಕ್ತದ ಕಬ್ಬಿಣ ಮೊಳೆಯ ಕಬ್ಬಿಣವಲ್ಲ; ಹಿಮೋಗ್ಲೋಬಿನ್ನಿನಲ್ಲಿ ಅಣು ಅಣುವಾಗಿ ಕಟ್ಟಿಹಾಕಿಸಿಕೊಂಡಿರುವ ಅದು ಅಯಸ್ಕಾಂತಕ್ಕೆ ಓಡಿಬರುವುದಿಲ್ಲ. ಮಂಡಿನೋವಿಗೆ ಎಂಆರ್‌ಐ ಮಾಡಿಸಿಕೊಂಡವರು ಪ್ರತಿ ಬೀದಿಯಲ್ಲಿದ್ದಾರೆ. ಸಾಮಾನ್ಯ ಎಂಆರ್‌ಐ ಯಂತ್ರದ 1.5 ಟೆಸ್ಲಾ ಎಂದರೆ ಬೆಂಗಳೂರಿನ ಭೂಕಾಂತಕ್ಷೇತ್ರದ 35,000 ಪಟ್ಟಿಗೂ ಹೆಚ್ಚು. ಅಷ್ಟರೊಳಗೆ ಅರ್ಧ ಗಂಟೆ ಮಲಗಿ ಎದ್ದ ಭಾವನ ರಕ್ತ ತಲೆಗೂ ಏರಲಿಲ್ಲ, ಮಂಡಿಗೂ ಇಳಿಯಲಿಲ್ಲ. ತಲೆಗೇರಿದ್ದು ಬಿಲ್ಲು ನೋಡಿದ ಮೇಲೆ.

ಅಜ್ಜಿಯ ಮಾತು ಮೀರಿದವರಲ್ಲಿ ಎಲ್ಲರಿಗಿಂತ ದೊಡ್ಡವನು ಭಾರತ ಉಪಖಂಡ. 1950ರ ದಶಕದಲ್ಲಿ ಲಂಡನ್ನಿನ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಎಂಬ ಮೂವರು ಡೆಕ್ಕನ್ ಲಾವಾದ ತುಣುಕುಗಳಲ್ಲಿ ಉಳಿದಿದ್ದ ಕಾಂತತ್ವವನ್ನು ಅಳೆದರು. ಕಂಪಾಸಿನ ಮುಳ್ಳು ದಿಕ್ಕನ್ನಷ್ಟೇ ತೋರುವುದಿಲ್ಲ, ಬಿಟ್ಟರೆ ಕೆಳಕ್ಕೋ ಮೇಲಕ್ಕೋ ಬಾಗುತ್ತದೆ ಕೂಡ. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಮಲಗಿರುತ್ತದೆ, ಧ್ರುವದ ಹತ್ತಿರ ನೆಟ್ಟಗೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ತುಸು ತಲೆ ತಗ್ಗಿಸಿ ಬಹುಪಾಲು ಮಲಗಿಯೇ ಇದೆ. ಲಾವಾದೊಳಗಿನ ಬಾಗನ್ನು ಅಳೆದಾಗ, ಅದು ಸುರಿದಾಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕೆ ದೂರದಲ್ಲಿತ್ತೆಂದು 1956ರ ಹೊತ್ತಿಗೆ ಅವರಿಗೆ ಗೊತ್ತಾಯಿತು. ಖಂಡಗಳು ಚಲಿಸುತ್ತವೆ ಎಂದರೆ ನಗುವವರೇ ಹೆಚ್ಚಿದ್ದ ಕಾಲ ಅದು. ಕಾಶ್ಮೀರವನ್ನು ತಲೆ ಮಾಡಿಕೊಂಡು, ಉತ್ತರಕ್ಕೇ ತಲೆ ಹಾಕಿ, ಈ ದೇಶ ಆರು ಕೋಟಿ ವರ್ಷದಿಂದ ಅಷ್ಟು ದೂರ ಬಂದಿದೆ. ಈಗಲೂ ವರ್ಷಕ್ಕೆ ಐದು ಸೆಂಟಿಮೀಟರಿನಂತೆ ಹೋಗುತ್ತಲೇ ಇದೆ.

ಕಲ್ಲು ಇದನ್ನೆಲ್ಲ ನೆನಪಿಟ್ಟುಕೊಳ್ಳುವ ಬಗೆ ಸರಳ. ಕರಗಿದ ಶಿಲೆಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಹರಳುಗಳಿರುತ್ತವೆ. ಶಾಖ 580 ಡಿಗ್ರಿಗಿಂತ ಕೆಳಗೆ ಇಳಿದಾಗ ಆ ಹೊತ್ತಿನ ಉತ್ತರ ಎಲ್ಲಿದೆಯೋ ಅದನ್ನು ಹಿಡಿದುಕೊಂಡು ಕೂತುಬಿಡುತ್ತವೆ. ಆಮೇಲೆ ಧ್ರುವ ಅಲೆಯಲಿ, ತಿರುಗಲಿ, ಖಂಡವೇ ವಲಸೆ ಹೋಗಲಿ, ಮತ್ತೆ ಕಾಯಿಸುವ ತನಕ ಹಟ ಬಿಡುವುದಿಲ್ಲ. ಗೂಡಿನಲ್ಲಿ ಸುಟ್ಟ ಮಂಗಳೂರು ಹೆಂಚು ಕೂಡ ಹಾಗೆಯೇ.

ಇಷ್ಟು ದೂರ ಹೋಗಿ ಹುಡುಕಬೇಕಾಗಿಯೂ ಇಲ್ಲ, ಅಡುಗೆಮನೆಗೆ ಹೋದರೆ ಸಾಕು. ವಿಜಯನಗರದ ನಮ್ಮ ಮನೆಯ ಗ್ಯಾಸ್ ಕಟ್ಟೆಗೆ ಹಾಕಿಸಿರುವುದು ಕಪ್ಪು ಗ್ರಾನೈಟು. ಅಂಗಡಿಯವರು ಗ್ರಾನೈಟ್ ಎನ್ನುತ್ತಾರೆ, ಭೂವಿಜ್ಞಾನಿಗಳು ಡಾಲರೈಟ್ ಎನ್ನುತ್ತಾರೆ. ಚಾಮರಾಜನಗರ, ಕನಕಪುರದ ಕಡೆಯ ಕರಿಕಲ್ಲು. ಹಾಳಾದ ಇಯರ್‌ಫೋನಿನಿಂದ ಬಿಚ್ಚಿದ ಪುಟ್ಟ ಅಯಸ್ಕಾಂತಕ್ಕೆ ಹೊಲಿಗೆ ದಾರ ಕಟ್ಟಿ ಕಟ್ಟೆಯ ಅಂಚಿಗೆ ಇಳಿಬಿಟ್ಟೆ. ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು, ದಾರ ಸುತ್ತುವುದು ನಿಲ್ಲುವ ತನಕ ಕಾದೆ. ಅಂಟಿಕೊಳ್ಳಲಿಲ್ಲ, ಆದರೆ ನೆಟ್ಟಗೂ ನಿಲ್ಲಲಿಲ್ಲ. ಕಲ್ಲಿನ ಕಡೆಗೆ ಕೂದಲೆಳೆಯಷ್ಟು ವಾಲಿ, ಅಂಚಿಗೆ ಟಿಕ್ ಎಂದು ಮುಟ್ಟಿ, ಸರಿದು, ಮತ್ತೆ ಮುಟ್ಟಿತು. ಹಿತ್ತಲಿನ ಬಟ್ಟೆ ಒಗೆಯುವ ಸಾದರಹಳ್ಳಿ ಕಲ್ಲಿಗೆ ಹಿಡಿದರೆ ಅಷ್ಟಾಗಿ ಮಿಸುಕಲಿಲ್ಲ. ಹಾಲು ಉಕ್ಕಿದ್ದು ಆವಾಗಲೇ. ಈ ಸೆಳೆತ ಮ್ಯಾಗ್ನೆಟೈಟಿನದು ಮಾತ್ರ, ನೆನಪಿನದಲ್ಲ. ಕಲ್ಲಿನ ನೆನಪು ಬಹಳ ಮೆಲುದನಿ, ಅದನ್ನು ಕೇಳಲು ಪ್ರಯೋಗಾಲಯ ಬೇಕು ಎಂದು ಮೇಷ್ಟ್ರು ಕಿಟಕಿಯಿಂದಲೇ ತಿದ್ದಿದರು.

ಹಾಗೆ ಕೇಳಿಸಿಕೊಂಡವರಿದ್ದಾರೆ. ಕೆಂಗೇರಿ ದಾಟಿ, ಬಿಡದಿಯಲ್ಲಿ ಎಡಕ್ಕೆ ಹೊರಳಿದರೆ ಹಾರೋಹಳ್ಳಿ. ಆ ಸೀಮೆಯ ತಿಳಿಬಣ್ಣದ ಬಂಡೆಗಳ ನಡುವೆ ಗೋಡೆ ಎಬ್ಬಿಸಿದ ರೀತಿಯಲ್ಲಿ ಕರಿಕಲ್ಲಿನ ಪಟ್ಟಿಗಳು ಪೂರ್ವ ಪಶ್ಚಿಮವಾಗಿ ಓಡುತ್ತವೆ. ಬಿರುಕುಗಳಿಗೆ ಕೆಳಗಿನಿಂದ ನುಗ್ಗಿ ಹೆಪ್ಪುಗಟ್ಟಿದ ಶಿಲಾರಸ ಅದು, ಡೈಕ್ ಎನ್ನುತ್ತಾರೆ. ಹೆನ್ರಿ ಹಾಲ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಇವುಗಳ ವಯಸ್ಸು ಸುಮಾರು 237 ಕೋಟಿ ವರ್ಷ. ಅವು ಹಿಡಿದಿಟ್ಟುಕೊಂಡಿರುವ ದಿಕ್ಕು ಮಲಗಿಲ್ಲ, ಕಡಿದಾಗಿ ನಿಂತಿದೆ. ಎಂದರೆ ಈ ಕಲ್ಲು ತಣಿದಾಗ ನಮ್ಮ ನೆಲ ಧ್ರುವದ ಸಮೀಪದಲ್ಲಿತ್ತು. ಕನಕಪುರ ರಸ್ತೆಯ ರಾಗಿ ಹೊಲ ಅಲಾಸ್ಕಾದ ಅಕ್ಷಾಂಶದಲ್ಲಿ.

ನಮ್ಮ ಕಟ್ಟೆಯ ಕಲ್ಲು ಯಾವ ಗಣಿಯದೆಂದು ಬಿಲ್ಲಿನಲ್ಲಿ ಬರೆದಿಲ್ಲ. ಯಾವ ಗಣಿಯದೇ ಆಗಲಿ, ಅದರೊಳಗೊಂದು ಉತ್ತರ ಇದೆ. ಅದನ್ನು ಗಣಿಯಲ್ಲಿ ಸಿಗಿದರು, ಲಾರಿಯಲ್ಲಿ ತಿರುಗಿಸಿದರು, ಮಾಗಡಿ ರಸ್ತೆಯ ಅಂಗಡಿಯಲ್ಲಿ ಗೋಡೆಗೆ ಒರಗಿಸಿದರು. ಸಿಂಕಿಗೆ ತೂತು ಕೊರೆಯುವಾಗ ಮೇಸ್ತ್ರಿ ಮತ್ತೊಮ್ಮೆ ಹೊರಳಿಸಿ ಅಳತೆಗೆ ಕೂರಿಸಿದ. ಈಗ ಆ ಉತ್ತರ ಗ್ಯಾಸ್ ಸಿಲಿಂಡರಿನ ಕಡೆಗೋ, ಒಗ್ಗರಣೆ ಡಬ್ಬಿಯ ಕಡೆಗೋ, ನೇರ ಸೂರಿಗೋ ಕೈ ತೋರುತ್ತಾ ಬಿದ್ದಿದೆ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವ ಗಾದೆಯನ್ನು ವಿರಾಟರಾಜನ ಮಗನಿಗೆ ಮಾತ್ರ ಮೀಸಲಿಡುವುದು ಅನ್ಯಾಯ. ಗೋಳಗುಮ್ಮಟದ ಗೋಡೆಯಲ್ಲೂ ಇದೇ ಗೊಂದಲ: ಬಸಾಲ್ಟಿನ ಒಂದೊಂದು ಕಲ್ಲೂ ಒಂದೊಂದು ಕಡೆ ಉತ್ತರ ಹೇಳುತ್ತದೆ. ಈ ಗೊಂದಲ ವಿಜ್ಞಾನಿಗಳಿಗೆ ಪ್ರಿಯ. ಹೊಳೆಯಲ್ಲಿ ಉರುಳಿ ಬಂದು ಒತ್ತಟ್ಟಿಗೆ ಬೆಸೆದುಕೊಂಡ ಬೆಣಚುಗಳು ತಮ್ಮತಮ್ಮೊಳಗೆ ಒಮ್ಮತಕ್ಕೆ ಬರದಿದ್ದರೆ, ಅವುಗಳ ನೆನಪು ಉರುಳುವುದಕ್ಕೆ ಮುಂಚಿನದು, ನಂಬಬಹುದು. ಎಲ್ಲವೂ ಒಂದೇ ದಿಕ್ಕು ಹೇಳಿದರೆ ಆಮೇಲೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ ಎಂದರ್ಥ.

ಆದ್ದರಿಂದ ಕಲ್ಲಿನ ಕಾಂತತ್ವ ಅಳೆಯುವವರು ಬಂಡೆಯನ್ನು ಕದಲಿಸುವುದಿಲ್ಲ. ಇದ್ದಲ್ಲೇ, ನೀರು ಬಿಟ್ಟುಕೊಂಡು, ಎರಡೂವರೆ ಸೆಂಟಿಮೀಟರ್ ಅಡ್ಡಗಲದ ಉರುಳೆ ಕೊರೆಯುತ್ತಾರೆ. ಕಿತ್ತು ತೆಗೆಯುವುದಕ್ಕೆ ಮುಂಚೆ ಅದರ ಮೇಲೆ ದಿಕ್ಕಿನ ಗೆರೆ ಎಳೆಯಬೇಕು. ಕಪ್ಪು ಬಂಡೆಯ ಮೇಲೆ ಕಂಪಾಸು ಇಟ್ಟರೆ ಅದು ಬಂಡೆಯ ಮಾತು ಕೇಳಿ ಕೆಡುತ್ತದೆ, ಕಂಬಿ ರಾಶಿಯ ಪಕ್ಕದ ಫೋನಿನದೇ ಗತಿ. ಅದಕ್ಕೆ ಅವರು ಸೂರ್ಯ ದಿಕ್ಸೂಚಿ ಬಳಸುತ್ತಾರೆ: ಒಂದು ಕಡ್ಡಿ, ಅದರ ನೆರಳು, ಗಡಿಯಾರ. ನಮ್ಮ ಮಯಮತ, ಮಾನಸಾರಗಳು ಮನೆ ಕಟ್ಟುವವನಿಗೆ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ನೆಲ ಮಟ್ಟ ಮಾಡು, ಶಂಕು ನೆಡು, ಸುತ್ತ ವೃತ್ತ ಬರೆ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮುಟ್ಟಿದಲ್ಲಿ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮ. ಅಯಸ್ಕಾಂತದ ಸುದ್ದಿಯೇ ಇಲ್ಲ. ಧ್ರುವಗಳು ನಾಳೆ ಬೆಳಿಗ್ಗೆಯೇ ಅದಲುಬದಲಾದರೂ ಶಾಸ್ತ್ರದ ವಾಸ್ತು ಒಂದು ಅಂಗುಲ ಕದಲುವುದಿಲ್ಲ, ಕೆಡುವುದು ಆ್ಯಪಿನ ವಾಸ್ತು ಮಾತ್ರ. ಇದನ್ನು ಭಾವನಿಗೆ ವಿವರಿಸಿದೆ. ಅವರು ಒಪ್ಪಿ, ಶಂಕುವಿಗೆಂದು ಸರ್ವೇ ಕಡ್ಡಿ ನೆಟ್ಟರು. ಆಷಾಢದ ಮೋಡ. ಬೆಳಗಿನ ಗುರುತು ಸಿಕ್ಕಿತು, ಮಧ್ಯಾಹ್ನದ್ದು ಸಿಗಲೇ ಇಲ್ಲ. ಮಾರನೆಯ ದಿನ ಕಾಂಕ್ರೀಟ್ ಲಾರಿ ಬಂತು.

ಹಾರೋಹಳ್ಳಿ, ಕನಕಪುರ, ಚಾಮರಾಜನಗರದ ಕರಿಕಲ್ಲೆಲ್ಲ ನಮ್ಮ ಅಡುಗೆಮನೆಗೇ ಬರುವುದಿಲ್ಲ. ಒಳ್ಳೆಯದು, ಬಿರುಕಿಲ್ಲದ್ದು, ಕನ್ನಡಿಯಷ್ಟು ಹೊಳಪು ಬರುವುದು ಮೊದಲಿನಿಂದಲೂ ಪರದೇಶಕ್ಕೆ ಹೋಗುತ್ತದೆ. ಯೂರೋಪಿನಲ್ಲಿ ಸಮಾಧಿಯ ಕಲ್ಲಾಗಿ ಅದಕ್ಕೆ ಬಹಳ ಬೇಡಿಕೆ. 237 ಕೋಟಿ ವರ್ಷದ ಹಿಂದೆ ಧ್ರುವದ ಬಳಿ ಹೆಪ್ಪುಗಟ್ಟಿ, ನೆಲದ ಜೊತೆಯಲ್ಲೇ ತೆವಳುತ್ತಾ ಕನಕಪುರಕ್ಕೆ ಬಂದು ಸೇರಿದ ಕಲ್ಲು, ಈ ಸಲ ಪಾಲಿಶ್ ಮಾಡಿಸಿಕೊಂಡು ಕಂಟೇನರಿನಲ್ಲಿ ಮತ್ತೆ ಆ ಕಡೆಗೇ ಹೊರಡುತ್ತದೆ. ಅಲ್ಲಿ ಯಾರ ತಲೆ ಯಾವ ದಿಕ್ಕಿಗೆ ಎಂಬುದನ್ನು ಅಲ್ಲಿನವರು ನೋಡಿಕೊಳ್ಳುತ್ತಾರೆ.